65 ಸಾವಿರದಲ್ಲಿ ತಮ್ಮನಿಗೆ ಕಂಪ್ಯೂಟರ್: ಗ್ರಾಫಿಕ್ಸ್ ಕಾರ್ಡ್ ಯಾವುದು ಹಾಕಿಸಲಿ?

ಬಟವಾಡಿ ಹುಡುಗ – ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ವರ್ಷ ಇಲ್ಲೇ ತುಮಕೂರಿನಲ್ಲಿ ಎಂಜಿನಿಯರಿಂಗ್ ಸೇರಿದ್ದಾನೆ. ಕಂಪ್ಯೂಟರ್ ಸೈನ್ಸ್. ನನಗೆ ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ. ಚೀಟಿ ಎತ್ತಿದ ದುಡ್ಡು 65 ಸಾವಿರ ಕೈಯಲ್ಲಿದೆ. ಮಾನಿಟರ್ ಸೇರಿ ಅದರಲ್ಲೇ ಕಂಪ್ಯೂಟರ್ ಆಗಬೇಕು. ನಾಲ್ಕು ವರ್ಷ ಅವನ ಓದು ಮುಗಿಯುವವರೆಗೆ ಬಾಳಿಕೆ ಬರಬೇಕು.

ಕಾಲೇಜಿನ ಕೋಡಿಂಗ್ ಇದ್ದೇ ಇದೆ. ಮುಂದೆ ಎಐ ಪ್ರಾಜೆಕ್ಟ್ ಬರುತ್ತದಂತೆ. 3ಡಿ ಚಿತ್ರ, ಅನಿಮೇಷನ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯುವ ಆಸೆ ಇದೆ. ರಾತ್ರಿ ಊಟ ಆದ ಮೇಲೆ ಸ್ವಲ್ಪ ಹೊತ್ತು ಗೇಮ್ ಆಡುತ್ತಾನೆ, ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಪಿಯುಸಿಯಲ್ಲಿ ಎರಡು ವರ್ಷ ಮೊಬೈಲ್ ಮುಟ್ಟದೆ ಓದಿದ ಹುಡುಗ.

ನಿನ್ನೆ ಒಂದು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಂಡು ಬಂದೆ. ಐ5-12400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 24 ಇಂಚಿನ ಮಾನಿಟರ್, ಜೊತೆಗೆ "4 ಜಿಬಿ ಗ್ರಾಫಿಕ್ಸ್ ಕಾರ್ಡ್". ಯಾವ ಕಾರ್ಡ್ ಅಂತ ಎರಡು ಸಲ ಕೇಳಿದ ಮೇಲೆ ಜಿಟಿ 730 ಅಂದರು. "4 ಜಿಬಿ ಇದೆ, ಎಲ್ಲ ಗೇಮ್ ನಡೆಯುತ್ತೆ" ಅಂತಲೂ ಹೇಳಿದರು. ಪವರ್ ಸಪ್ಲೈ ಕ್ಯಾಬಿನೆಟ್ ಜೊತೆಗೇ ಬರುತ್ತದಂತೆ.

ಇದು ಸರಿ ಇದೆಯಾ? ದುಡ್ಡು ಕೊಡುವ ಮುಂಚೆ ತಿಳಿದವರನ್ನು ಕೇಳೋಣ ಅನ್ನಿಸಿತು.

ಗೌರಿಬಿದನೂರು ಗೇಮರ್

ಅಣ್ಣಾ, ದಯವಿಟ್ಟು ತಗೋಬೇಡಿ.

ಜಿಟಿ 730 ಬಂದಿದ್ದು 2014ರಲ್ಲಿ. ಆ ಪೀಳಿಗೆಯ ಕಾರ್ಡ್‌ಗಳಿಗೆ ಎನ್‌ವಿಡಿಯಾ 2021ರಲ್ಲೇ ಹೊಸ ಗೇಮ್ ಡ್ರೈವರ್ ಕೊಡುವುದನ್ನು ನಿಲ್ಲಿಸಿತು. 4 ಜಿಬಿ ಅನ್ನುವುದು ಜಾಗದ ಲೆಕ್ಕ, ವೇಗದ ಲೆಕ್ಕ ಅಲ್ಲ. ಕೆರೆ ಎಷ್ಟೇ ದೊಡ್ಡದಿರಲಿ, ತೂಬು ಬೆರಳಷ್ಟಿದ್ದರೆ ಗದ್ದೆಗೆ ನೀರು ಹರಿಯುತ್ತದಾ? ಜಿಟಿ 730ಯ ಡಿಡಿಆರ್3 ಮಾದರಿಯಲ್ಲಿ ಸೆಕೆಂಡಿಗೆ 30 ಜಿಬಿ ಕೂಡ ಹರಿಯುವುದಿಲ್ಲ. ಎಎಂಡಿ ಕಂಪನಿಯ ಆರ್‌ಎಕ್ಸ್ 6600ನಲ್ಲಿ 224 ಜಿಬಿ ಹರಿಯುತ್ತದೆ.

ನನ್ನ ಓಟು ಆರ್‌ಎಕ್ಸ್ 6600ಗೆ. 8 ಜಿಬಿ, 132 ವ್ಯಾಟ್. 1080ಪಿ ಮಾನಿಟರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಎರಡು ವರ್ಷದಿಂದ ಇಟ್ಟುಕೊಂಡಿದ್ದೇನೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಪಕ್ಕದಲ್ಲಿಟ್ಟು ನೋಡಿದರೆ ಗೇಮ್‌ನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಶಿರಾಗೇಟ್ ರಿಪೇರಿ – ತುಮಕೂರು

ಬಟವಾಡಿ ಹುಡುಗ, ನೀವು ಕಾರ್ಡ್ ಬಗ್ಗೆ ಕೇಳಿದ್ದೀರಿ. ನಾನು ಮೊದಲು ಬೇರೆ ಎರಡು ವಿಷಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 14 ವರ್ಷದಿಂದ ಇದೇ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಟೇಬಲ್ ಮೇಲೆ ಬರುವ ಸುಟ್ಟ ಕಾರ್ಡ್‌ಗಳಲ್ಲಿ ಕಾರ್ಡ್‌ನದೇ ತಪ್ಪು ಇರುವುದು ಕಡಿಮೆ.

ಮೊದಲನೆಯದು ಆ "ಎಫ್" ಅಕ್ಷರ. 12400ಎಫ್ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಬರೀ 12400 ತಗೊಂಡರೆ ಅದರೊಳಗೆ ಯುಎಚ್‌ಡಿ 730 ಇರುತ್ತದೆ. ಹೆಸರು ನೋಡಿ, ಅದೂ 730, ಇದೂ 730. ಕೆಲಸದಲ್ಲೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಪ್ರೊಸೆಸರ್ ಜೊತೆ ಬರುವುದನ್ನು ತೆಗೆಸಿ, ಅಂಥದ್ದನ್ನೇ ಹೊರಗಿಂದ ಮಾರುತ್ತಿದ್ದಾರೆ.

ಎಫ್ ತಗೊಂಡರೆ ಒಂದೆರಡು ಸಾವಿರ ಉಳಿಯಬಹುದು. ಆದರೆ ಕಾರ್ಡ್ ಕೆಟ್ಟ ದಿನ ಪರದೆಯಲ್ಲಿ ಏನೂ ಬರುವುದಿಲ್ಲ. ನಮ್ಮ ಊರಿನಿಂದ ಕಾರ್ಡ್ ವಾರಂಟಿಗೆ ಹೋದರೆ ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ಇನ್ನೆಲ್ಲಿಗೋ. ವಾಪಸ್ ಬರಲು ಮೂರು ವಾರ ಆಗಿದ್ದನ್ನು ನೋಡಿದ್ದೇನೆ, ಆರು ವಾರ ಆಗಿದ್ದನ್ನೂ ನೋಡಿದ್ದೇನೆ. ಹೋದ ಡಿಸೆಂಬರ್‌ನಲ್ಲಿ ಒಬ್ಬ ಹುಡುಗಿ ಅಪ್ಪನ ಜೊತೆ ಅಂಗಡಿಗೆ ಬಂದಳು. ಪ್ರಾಜೆಕ್ಟ್ ಒಪ್ಪಿಸಲು ನಾಲ್ಕು ದಿನ ಇತ್ತು. ಕಾರ್ಡ್ ಸತ್ತಿತ್ತು, ಪ್ರೊಸೆಸರ್ ಎಫ್. ಮಿಕ್ಕ ಎಲ್ಲ ಭಾಗ ಚೆನ್ನಾಗಿದ್ದರೂ ಕಂಪ್ಯೂಟರ್ ಕಲ್ಲಿನ ಹಾಗೆ ಕೂತಿತ್ತು. ನನ್ನ ಹತ್ತಿರ ಇದ್ದ ಹಳೆ ಕಾರ್ಡ್ ಒಂದನ್ನು ಎರವಲು ಕೊಟ್ಟು ಕಳಿಸಿದೆ. ಎಲ್ಲರಿಗೂ ಹಾಗೆ ಕೊಡಲು ನನ್ನ ಹತ್ತಿರ ಇರುವುದಿಲ್ಲ ಅಲ್ವಾ.

ಎರಡನೆಯದು ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆ ಬರುವುದನ್ನು ನಂಬಿ ಕಾರ್ಡ್ ಹಾಕಬೇಡಿ. ಅದರ ಪಕ್ಕದ ಸ್ಟಿಕ್ಕರ್ ಓದಿ. ಮೇಲೆ ದಪ್ಪ ಅಕ್ಷರದಲ್ಲಿ 450 ಅಂತ ಇರುತ್ತದೆ. ಕೆಳಗೆ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ 14 ಆಂಪಿಯರ್ ಅಂತ ಬರೆದಿರುತ್ತದೆ. ಗುಣಿಸಿ. 168 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಆ 12 ವೋಲ್ಟ್‌ನಿಂದಲೇ. 12400 ಪೂರ್ತಿ ಓಡಿದರೆ 117 ವ್ಯಾಟ್‌ವರೆಗೆ ಹೋಗುತ್ತದೆ. ಅದರ ಮೇಲೆ 130 ವ್ಯಾಟ್ ಕಾರ್ಡ್ ಹಾಕಿದರೆ ಆ ಡಬ್ಬ ಎಷ್ಟು ದಿನ ತಡೆಯುತ್ತದೆ? ಹೋಗುವಾಗ ಒಂದೇ ಹೋಗುವುದಿಲ್ಲ, ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ. 550 ವ್ಯಾಟ್, 80 ಪ್ಲಸ್ ಬ್ರಾಂಜ್, ಐದು ವರ್ಷ ವಾರಂಟಿ ಇರುವುದನ್ನು ಬೇರೆಯಾಗಿ ತಗೊಳ್ಳಿ.

ಕೊನೆಗೆ ಒಂದು ಪ್ರಶ್ನೆ. ಮನೆಯಲ್ಲಿ ಅರ್ಥಿಂಗ್ ಇದೆಯಾ?

ಬಟವಾಡಿ ಹುಡುಗ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಫ್ ವಿಷಯ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಅರ್ಥಿಂಗ್ ಗೊತ್ತಿಲ್ಲ. ಬಾಡಿಗೆ ಮನೆ, ಹಳೆಯದು. ಮೂರು ಪಿನ್ ಸಾಕೆಟ್ ಇದೆ. ಫ್ರಿಜ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತದೆ ಅಂತ ಅಮ್ಮ ಹೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಶಿರಾಗೇಟ್ ರಿಪೇರಿ

ಇದೆ. ಆ ಜುಮ್ ಅನ್ನುವುದೇ ಉತ್ತರ. ಅರ್ಥ್ ಇಲ್ಲ.

ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತ ಅಲ್ಲ. ಎಷ್ಟೋ ಹಳೆ ಮನೆಗಳಲ್ಲಿ ಅದರ ಹಿಂದೆ ವೈರೇ ಇರುವುದಿಲ್ಲ. ಕಂಪ್ಯೂಟರ್ ಪವರ್ ಸಪ್ಲೈ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ ತಗಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥ್ ಇದ್ದರೆ ಅಲ್ಲಿ ಸೋರುವ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ತಗಡಿನ ಮೇಲೆ 230ರಲ್ಲಿ ಅರ್ಧ, 115 ವೋಲ್ಟ್ ಆಸುಪಾಸು ತೇಲುತ್ತಿರುತ್ತದೆ.

ಮಂಡಿಪೇಟೆ ಹತ್ತಿರ ಒಂದು ಮನೆಗೆ ಹೋಗಿದ್ದೆ. ಮೂರು ತಿಂಗಳಲ್ಲಿ ಎರಡು ಮಾನಿಟರ್ ಕೇಬಲ್ ಪೋರ್ಟ್ ಸತ್ತಿತ್ತು. ಕ್ಯಾಬಿನೆಟ್‌ನ ಹಿಂದೆ ಸ್ಕ್ರೂ ಮೇಲೆ ಟೆಸ್ಟರ್ ಇಟ್ಟೆ. ಹಗಲಲ್ಲೇ ಕೆಂಪಗೆ ಉರಿಯಿತು. ಆ ಮನೆಯ ಹುಡುಗ ಬರಿಗಾಲಲ್ಲಿ ನಿಂತು ಅದೇ ಕ್ಯಾಬಿನೆಟ್‌ಗೆ ಪೆನ್‌ಡ್ರೈವ್ ಹಾಕುತ್ತಿದ್ದ. ಅವತ್ತಿಂದ ಯಾರು ಕಾರ್ಡ್ ಕೇಳಿದರೂ ನಾನು ಅರ್ಥ್ ಬಗ್ಗೆ ಕೇಳುತ್ತೇನೆ.

ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ. ನೀವೇ ಸಾಕೆಟ್‌ಗೆ ಕೈ ಹಾಕಬೇಡಿ. ಫೇಸ್-ಅರ್ಥ್ ನಡುವೆ ಹೆಚ್ಚುಕಡಿಮೆ ಫೇಸ್-ನ್ಯೂಟ್ರಲ್‌ನಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು.

ಲ್ಯಾಬ್ ಮೇಡಂ – ಚಿಕ್ಕಬಳ್ಳಾಪುರ

ರಿಪೇರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಓದಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ.

ಮೊದಲ ಎರಡು ವರ್ಷ ನಿಮ್ಮ ತಮ್ಮನ ಓದಿಗೆ ಕಾರ್ಡ್ ಬೇಕಾಗಿಯೇ ಇಲ್ಲ. ಸಿ, ಪೈಥಾನ್, ಜಾವಾ, ಡೇಟಾಬೇಸ್, ಯಾವುದಕ್ಕೂ ಬೇಡ. ಮೂರನೇ ವರ್ಷ ಮೆಷಿನ್ ಲರ್ನಿಂಗ್ ಬಂದಾಗ ಬೇಕಾಗಬಹುದು. ಆಗಲೂ ಇಂಟರ್ನೆಟ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೋಲ್ಯಾಬ್‌ನಲ್ಲಿ ಉಚಿತವಾಗಿ ಟಿ4 ಕಾರ್ಡ್ ಸಿಗುತ್ತದೆ, 16 ಜಿಬಿಯದು. ಸಮಯದ ಮಿತಿ ಇದೆ, ಆದರೆ ಕಲಿಯಲು ಸಾಕು. ಆದ್ದರಿಂದ "ಎಐ ಇದೆ, ದೊಡ್ಡ ಕಾರ್ಡ್ ಬೇಕೇ ಬೇಕು" ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಹೇಗೂ ಕಾರ್ಡ್ ತಗೊಳ್ಳುವುದೇ ಆದರೆ ಎನ್‌ವಿಡಿಯಾ ತಗೊಳ್ಳಿ ಅನ್ನುತ್ತೇನೆ. ಕಾರಣ ಕುಡಾ, ಅಂದರೆ ಎನ್‌ವಿಡಿಯಾ ಕಾರ್ಡ್‌ನಿಂದ ಲೆಕ್ಕದ ಕೆಲಸ ಮಾಡಿಸುವ ಸಾಫ್ಟ್‌ವೇರ್. 2007ರಿಂದ ಇದೆ. ಎಐಗೆ ಬಳಸುವ ಪೈಟಾರ್ಚ್‌ನ ಪಾಠ, ಲ್ಯಾಬ್ ಕೈಪಿಡಿ, ಯೂಟ್ಯೂಬ್ ವಿಡಿಯೊ ಎಲ್ಲ ಅದನ್ನೇ ಹಿಡಿದು ಬರೆದಿರುತ್ತವೆ. ಎಎಂಡಿಯಲ್ಲಿ ಅದೇ ಕೆಲಸಕ್ಕಿರುವ ಆರ್‌ಒಸಿಎಂನ ಅಧಿಕೃತ ಪಟ್ಟಿಯಲ್ಲಿ ಆರ್‌ಎಕ್ಸ್ 6600 ಇಲ್ಲ. ಹೇಗೋ ಓಡಿಸುವವರಿದ್ದಾರೆ, ಆದರೆ ಕಲಿಯುವ ಹುಡುಗ ಪಾಠ ಬಿಟ್ಟು ಡ್ರೈವರ್ ಜೊತೆ ಗುದ್ದಾಡಬಾರದು. ಬ್ಲೆಂಡರ್‌ನಲ್ಲೂ ಆರ್‌ಟಿಎಕ್ಸ್ ಕಾರ್ಡ್‌ಗಳು ಆಪ್ಟಿಕ್ಸ್ ಅನ್ನುವ ಎನ್‌ವಿಡಿಯಾ ಸೌಲಭ್ಯ ಬಳಸಿಕೊಂಡು ಚೆನ್ನಾಗಿ ಓಡುತ್ತವೆ.

ಗೌರಿಬಿದನೂರು ಗೇಮರ್

ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಆ ಬೆಲೆಗೆ ಎನ್‌ವಿಡಿಯಾದಲ್ಲಿ ಹೊಸದಾಗಿ ಸಿಗುವುದು ಬಹುಪಾಲು 3050ಯ 6 ಜಿಬಿ ಮಾದರಿ. ಅದರ ಹೆಸರಿನಲ್ಲಿ ಮೋಸ ಹೋಗುವವರು ಜಾಸ್ತಿ. 2022ರಲ್ಲಿ ಬಂದ 8 ಜಿಬಿ 3050ಯಲ್ಲಿ 2560 ಕುಡಾ ಕೋರ್, ಮೆಮೊರಿಗೆ 128 ಬಿಟ್ ದಾರಿ. 2024ರಲ್ಲಿ ಅದೇ ಹೆಸರಲ್ಲಿ ಬಂದ 6 ಜಿಬಿಯಲ್ಲಿ 2304 ಕೋರ್, 96 ಬಿಟ್. ಕಡಿಮೆಯಾಗಿದ್ದು ಮೆಮೊರಿ ಮಾತ್ರ ಅಲ್ಲ. ಅಂಗಡಿಯಲ್ಲಿ "3050" ಅಂತಷ್ಟೇ ಹೇಳುತ್ತಾರೆ.

ಪಾವಗಡ ಬಿಸಿಲು

ಮಧ್ಯೆ ಒಂದು ಮಾತು. ನನ್ನ ಹತ್ತಿರ ಇರುವುದು ಕಚೇರಿಯಿಂದ ತೆಗೆದುಹಾಕಿದ ಹಳೆ ಡೆಸ್ಕ್‌ಟಾಪ್, 240 ವ್ಯಾಟ್ ಪವರ್ ಸಪ್ಲೈ. ಅದಕ್ಕೆ ಯಾವುದಾದರೂ ಕಾರ್ಡ್ ಹಾಕಬಹುದಾ?

ಗೌರಿಬಿದನೂರು ಗೇಮರ್

ಪಾವಗಡದವರೇ, ನಿಮಗೆ ಅದೇ 3050 6 ಜಿಬಿ ಸರಿ. 70 ವ್ಯಾಟ್ ಅಷ್ಟೇ, ಬೇರೆ ಪವರ್ ಕೇಬಲ್ ಬೇಡ, ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಓಡುತ್ತದೆ. ಸಣ್ಣ ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್ ಮಾದರಿ ಕೇಳಿ. ಆರ್‌ಎಕ್ಸ್ 6500 ಎಕ್ಸ್‌ಟಿ ಕಡಿಮೆಗೆ ಸಿಕ್ಕರೂ ಹಳೆ ಮಷಿನ್‌ಗೆ ಬೇಡ. ಮದರ್‌ಬೋರ್ಡ್ ಜೊತೆ ಮಾತಾಡಲು ಅದು ಬರೀ ನಾಲ್ಕು ಪಿಸಿಐಇ ಲೇನ್ ಬಳಸುತ್ತದೆ, ಹಳೆ ಬೋರ್ಡ್‌ನಲ್ಲಿ ಇನ್ನೂ ನಿಧಾನ ಆಗುತ್ತದೆ. ವಿಡಿಯೊ ಎನ್‌ಕೋಡರ್ ಕೂಡ ಇಲ್ಲ.

ಕೋಲಾರ ಸ್ಟುಡಿಯೊ

ನಮ್ಮದು ಕೋಲಾರದಲ್ಲಿ ಮದುವೆ ವಿಡಿಯೊ ಕೆಲಸ. ಬ್ಲೆಂಡರ್, ಎಐ, ಗೇಮ್ ಮೂರೂ ಬೇಕು, ದುಡ್ಡು ಕಡಿಮೆ ಅಂದಾಗ ನನಗೆ ಒಂದೇ ಹೆಸರು ನೆನಪಾಗುತ್ತದೆ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060, 12 ಜಿಬಿ. 2021ರ ಕಾರ್ಡ್. 192 ಬಿಟ್ ದಾರಿ, ಸೆಕೆಂಡಿಗೆ 360 ಜಿಬಿ. 3050ಗಿಂತ ವೇಗ, ಅದಕ್ಕಿಂತ ಮುಖ್ಯವಾಗಿ ಆ 12 ಜಿಬಿ. ಬ್ಲೆಂಡರ್‌ನಲ್ಲಿ ದೊಡ್ಡ ಸೀನ್ ಮೆಮೊರಿಯಲ್ಲಿ ಹಿಡಿಸದಿದ್ದರೆ ರೆಂಡರ್ ಅರ್ಧಕ್ಕೆ ನಿಲ್ಲುತ್ತದೆ ಅಥವಾ ಆಮೆಯ ಹಾಗೆ ತೆವಳುತ್ತದೆ. ಎಐ ಮಾಡೆಲ್ ಕಥೆಯೂ ಅದೇ. 4 ಬಿಟ್‌ಗೆ ಇಳಿಸಿ ಗಾತ್ರ ಕುಗ್ಗಿಸಿದ 13 ಬಿಲಿಯನ್ ಪ್ಯಾರಾಮೀಟರ್ ಮಾಡೆಲ್ 12 ಜಿಬಿಯಲ್ಲಿ ಕೂರುತ್ತದೆ, 6 ಜಿಬಿಯಲ್ಲಿ ಕೂರುವುದಿಲ್ಲ.

ಎಚ್ಚರಿಕೆ: 3060ಯಲ್ಲೂ 8 ಜಿಬಿ ಮಾದರಿ ಒಂದಿದೆ, ಅದು 128 ಬಿಟ್. ಅದು ಬೇಡ.

ಎಫ್ ಇಲ್ಲದ ಪ್ರೊಸೆಸರ್‌ಗೆ ಇನ್ನೊಂದು ಕಾರಣ ನನ್ನ ಕಡೆಯಿಂದ. ಈಗಿನ ಎಷ್ಟೋ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚಿರುವ 4:2:2 10 ಬಿಟ್‌ನಲ್ಲಿ ಶೂಟ್ ಮಾಡುತ್ತವೆ. ಎಚ್‌ಇವಿಸಿ ಅನ್ನುವ ವಿಡಿಯೊ ಮಾದರಿಯಲ್ಲಿ ಅಂಥ ಫೈಲ್ ಇದ್ದರೆ 3060ಗೆ, 4060ಗೆ ಕೂಡ ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸಲು ಬರುವುದಿಲ್ಲ. ಎನ್‌ವಿಡಿಯಾದಲ್ಲಿ ಅದು ಬಂದಿದ್ದು 50 ಸರಣಿಯಲ್ಲಿ. ಆದರೆ 12400 ಒಳಗಿನ ಇಂಟೆಲ್ ಗ್ರಾಫಿಕ್ಸ್ ತನ್ನ ಕ್ವಿಕ್ ಸಿಂಕ್ ಅನ್ನುವ ವಿಡಿಯೊ ಸೌಲಭ್ಯದ ಮೂಲಕ ಆರಾಮಾಗಿ ಬಿಡಿಸುತ್ತದೆ. ನಾನು ಈ ಸಂಗತಿ ತಿಳಿಯದೆ ಎಫ್ ತಗೊಂಡು ಒಂದು ಇಡೀ ಮದುವೆ ಸೀಸನ್ ಎಡಿಟಿಂಗ್‌ಗೆ ಹಗುರವಾದ ನಕಲು, ಅಂದರೆ ಪ್ರಾಕ್ಸಿ ಫೈಲ್ ಮಾಡಿಕೊಂಡು ರಾತ್ರಿಯೆಲ್ಲ ಕೂತಿದ್ದೇನೆ. ಧಾರೆ ಎರೆಯುವ ದೃಶ್ಯ ಐದು ಸೆಕೆಂಡ್ ಮುಂದೆ ಓಡಿಸಿದರೆ ಪರದೆ ನಿಂತುಬಿಡುತ್ತಿತ್ತು. ನಿಮ್ಮ ತಮ್ಮ ಮುಂದೆ ರಜೆಯಲ್ಲಿ ಎಡಿಟಿಂಗ್ ಕಲಿತು ನಾಲ್ಕು ಕಾಸು ಸಂಪಾದಿಸುವ ಹಾಗಿದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಚಿಂತಾಮಣಿ ಟೊಮೆಟೊ

ಇಂಟೆಲ್‌ನ ಆರ್ಕ್ ಬಿ580 ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? 2024ರ ಡಿಸೆಂಬರ್‌ನಲ್ಲಿ ಬಂತು. ಹೊಸ ಕಾರ್ಡ್, 12 ಜಿಬಿ, ಪೂರ್ತಿ ವಾರಂಟಿ.

ಕೋಲಾರ ಸ್ಟುಡಿಯೊ

ಒಳ್ಳೆಯ ಕಾರ್ಡ್, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಇವರ ದುಡ್ಡಿಗೆ ಸ್ವಲ್ಪ ಮೇಲಾಗುತ್ತದೆ. 190 ವ್ಯಾಟ್. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ನಲ್ಲಿ, ರೀಸೈಜಬಲ್ ಬಾರ್ ಅನ್ನುವ ಆಯ್ಕೆ ಆನ್ ಮಾಡಿರಬೇಕು, ಇಲ್ಲದಿದ್ದರೆ ವೇಗ ಬಿದ್ದುಹೋಗುತ್ತದೆ. ಪ್ರೊಸೆಸರ್ ಹಳೆಯದಾದರೆ ಇನ್ನೂ ಹಿಂದೆ ಬೀಳುತ್ತದೆ. ಬರೀ ಗೇಮ್, ವಿಡಿಯೊ ಅಂದರೆ ನಾನೇ ಅದನ್ನು ಹೇಳುತ್ತಿದ್ದೆ.

ಮಧುಗಿರಿ ಏಕಶಿಲೆ

ಸೆಕೆಂಡ್ ಹ್ಯಾಂಡ್ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಾನು ಡಿಪ್ಲೊಮಾದಲ್ಲಿದ್ದಾಗ ಆನ್‌ಲೈನ್‌ನಲ್ಲಿ ಒಬ್ಬರಿಂದ ಜಿಟಿಎಕ್ಸ್ 1050 ಟಿಐ ತಗೊಂಡೆ. ಅಪ್ಪ ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಕೊಟ್ಟಿದ್ದು. ಪಾರ್ಸಲ್ ಬಂತು, ಕಾರ್ಡ್ ಹೊಸದರ ಹಾಗೆ ಹೊಳೆಯುತ್ತಿತ್ತು. ಹಾಕಿದೆ. ವಿಂಡೋಸ್‌ನಲ್ಲಿ ಹೆಸರು ಸರಿಯಾಗೇ ತೋರಿಸಿತು, 4 ಜಿಬಿ ಅಂತಲೂ ಇತ್ತು. ಡ್ರೈವರ್ ಹಾಕಲು ಹೋದರೆ ಪ್ರತಿ ಸಲ ಅರ್ಧಕ್ಕೆ ನಿಂತು ಪರದೆ ಕಪ್ಪಾಗುತ್ತಿತ್ತು. ಮೂರು ದಿನ ವಿಂಡೋಸ್ ತೆಗೆದು ಹಾಕಿದ್ದೇ ಹಾಕಿದ್ದು. ಕೊನೆಗೆ ಗೆಳೆಯನೊಬ್ಬ ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದ. ಹೆಸರಿನ ಮುಂದೆ ನಕಲಿ ಅಂತ ಬಂತು. ಹತ್ತು ವರ್ಷ ಹಳೆಯ ಜಿಟಿಎಸ್ 450 ಕಾರ್ಡ್‌ಗೆ ಬಯೋಸ್ ಬದಲಿಸಿ ಹೊಸ ಹೆಸರು ಬರೆದಿದ್ದರು. ಮಾರಿದವರ ಫೋನು ಅಷ್ಟರಲ್ಲಿ ಬಂದ್. ಅಪ್ಪನಿಗೆ ಹೇಳಲು ನನಗೆ ಎರಡು ವಾರ ಬೇಕಾಯಿತು.

ಅದಕ್ಕೇ ಕಾರ್ಡ್ ಓಡುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ. 3060 12 ಜಿಬಿ ಆದರೆ ಶೇಡರ್ (ಕೋರ್‌ಗಳ ಸಂಖ್ಯೆ) 3584 ಇರಬೇಕು, ಬಸ್ 192 ಬಿಟ್ ಇರಬೇಕು, ಮೆಮೊರಿ 12288 ಎಂಬಿ ಇರಬೇಕು. ಕಾರ್ಡ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹಾಕಿ ಹದಿನೈದು ನಿಮಿಷ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ ಎದ್ದು ಬಂದುಬಿಡಿ. ಬಿಲ್ ಮೇಲಿನ ಸೀರಿಯಲ್ ನಂಬರ್, ಕಾರ್ಡ್ ಹಿಂದಿನ ಸ್ಟಿಕ್ಕರ್ ನಂಬರ್ ಎರಡೂ ಒಂದೇ ಇರಬೇಕು.

ಶಿರಾಗೇಟ್ ರಿಪೇರಿ

ಮಧುಗಿರಿಯವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ಆದರೆ ಫ್ಯಾನ್ ಬೇರಿಂಗ್ ಸವೆದಿರುತ್ತದೆ. ಕಾರ್ಡ್ ಆಫ್ ಇದ್ದಾಗ ಫ್ಯಾನ್ ಎಲೆಯನ್ನು ಬೆರಳಿನಿಂದ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಸವೆದಿದೆ. ಹೀಟ್‌ಸಿಂಕ್ ಪಕ್ಕದಲ್ಲಿ ಎಣ್ಣೆ ಜಿನುಗಿದ ಹಾಗೆ ಕಂಡರೆ ಒಳಗೆ ಶಾಖ ಸಾಗಿಸುವ ಥರ್ಮಲ್ ಪ್ಯಾಡ್ ಬೆಂದಿದೆ ಅಂತ ಅರ್ಥ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ.

ಯುಪಿಎಸ್ ಬಗ್ಗೆ ಕೂಡ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಗೇಮ್ ಆಡುವಾಗ ಕರೆಂಟು ಹೋದರೆ ಅಲ್ಲೇ ಕೈಕೊಡಬಹುದು. 1000 ವಿಎ ಮೇಲಿನದು ನೋಡಿ. ಈಗ ದುಡ್ಡು ಸಾಲದಿದ್ದರೆ ಮುಂದಿನ ತಿಂಗಳು ತಗೊಳ್ಳಿ, ಆದರೆ ಮಳೆಗಾಲಕ್ಕೆ ಮುಂಚೆ.

ಬಟವಾಡಿ ಹುಡುಗ

ಇವತ್ತು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿದೆವು. ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಎಫ್ ಇಲ್ಲದ 12400, ಒಳ್ಳೆ ಪವರ್ ಸಪ್ಲೈ, 8 ಜಿಬಿಯ ಎರಡು ರ‍್ಯಾಮ್. ಮೊದಲು ಕಾರ್ಡ್ ಇಲ್ಲದೆಯೇ ಶುರು ಮಾಡುತ್ತೇವೆ. 3060 ಒಳ್ಳೆಯದು ಸಿಕ್ಕಾಗ ಹಾಕುತ್ತೇವೆ. ಅರ್ಜೆಂಟ್ ಇಲ್ಲ ಅಂದರೆ ನೋಡಿ ತಗೊಳ್ಳಬಹುದು ಅಲ್ವಾ. ತಮ್ಮನೂ ಖುಷಿಯಿಂದ ಒಪ್ಪಿದ.

ಎರಡು ಅನುಮಾನ. ಇದಕ್ಕೆ ಕರೆಂಟು ಎಷ್ಟು ಖರ್ಚಾಗುತ್ತದೆ? ನಮ್ಮದು ಗೃಹಜ್ಯೋತಿ ಇರುವ ಮನೆ. ಇನ್ನೊಂದು, ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ತಂದರೆ ಉಳಿಯುತ್ತದಾ?

ಲ್ಯಾಬ್ ಮೇಡಂ

ಲೆಕ್ಕ ಸುಲಭ. ಗೇಮ್ ಆಡುವಾಗ ಎಲ್ಲ ಸೇರಿ 250 ವ್ಯಾಟ್ ಅಂತ ಇಟ್ಟುಕೊಳ್ಳಿ. ನಾಲ್ಕು ಗಂಟೆಗೆ ಒಂದು ಯೂನಿಟ್. ದಿನಾ ಅಷ್ಟು ಆಡಿದರೆ ತಿಂಗಳಿಗೆ 30 ಯೂನಿಟ್. ಕೋಡಿಂಗ್ ಮಾಡುವಾಗ ಅದರ ಅರ್ಧ ಕೂಡ ಬೇಕಾಗುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ಎಷ್ಟು ಅಂತ ಬಿಲ್‌ನಲ್ಲಿ ನೋಡಿ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ಜೊತೆ ಇದೂ ಸೇರುತ್ತದೆ, ಅದಕ್ಕೆ ಹೇಳಿದೆ.

ಶಿರಾಗೇಟ್ ರಿಪೇರಿ

ಎಸ್‌ಪಿ ರೋಡ್‌ಗೆ ಹೋಗಿ ಬನ್ನಿ, ತಮ್ಮನನ್ನೂ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಟ್ರಾಫಿಕ್‌ನಲ್ಲಿ ಕೂರಬೇಡಿ. ಮಾದಾವರ ಅಥವಾ ನಾಗಸಂದ್ರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ. ಸೀದಾ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್‌ಪಿ ರೋಡ್‌ಗೆ ನಡೆದೇ ಹೋಗಬಹುದು. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ನಾಲ್ಕು ಅಂಗಡಿ ಕೇಳಿ. ಹೇಳುವ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ. ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ, ಬಿಲ್ ಇಲ್ಲದ ವಾರಂಟಿಗೆ ಅಲೆದಾಡುವುದು ನಿಮ್ಮ ತಲೆಗೇ ಬರುತ್ತದೆ.

ನಮ್ಮ ಊರಿನಲ್ಲೂ ಒಳ್ಳೆ ಅಂಗಡಿ ಇವೆ. ಇದೇ ಪಟ್ಟಿ ಅಲ್ಲೂ ಕೊಟ್ಟು ನೋಡಿ. ಐನೂರೋ ಸಾವಿರವೋ ಜಾಸ್ತಿಯಾದರೂ ಹತ್ತಿರದ ಅಂಗಡಿಯಲ್ಲಿ ತಗೊಂಡರೆ ನಾಳೆ ಕೈಗೆ ಸಿಗುತ್ತಾರೆ.

ಬಟವಾಡಿ ಹುಡುಗ

ಐದು ವಾರ ಆಯಿತು, ಬರೆಯಲು ತಡವಾಯಿತು. ಎಲ್ಲ ಹೇಳುತ್ತೇನೆ.

ಮೊದಲು ಅರ್ಥಿಂಗ್. ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದರು. ನ್ಯೂಟ್ರಲ್-ಅರ್ಥ್ ನಡುವೆ 68 ವೋಲ್ಟ್ ತೋರಿಸಿತು. ಮನೆ ಓನರ್‌ಗೆ ಅದೇ ಮೀಟರ್ ತೋರಿಸಿದೆ. ಅರ್ಧ ಖರ್ಚು ನಾನು ಕೊಡುತ್ತೇನೆ ಅಂದೆ, ಒಪ್ಪಿದರು. ಹಿತ್ತಲಲ್ಲಿ ಗುಂಡಿ ತೆಗೆದು, ಪೈಪ್ ಇಳಿಸಿ, ಒಂದು ಪದರ ಇದ್ದಿಲು ಒಂದು ಪದರ ಉಪ್ಪು ತುಂಬಿದರು. ನಾನೂ ತಮ್ಮನೂ ಕೊಡದಲ್ಲಿ ನೀರು ಹೊತ್ತು ಸುರಿದೆವು. ಈಗ ಒಂದೂವರೆ ವೋಲ್ಟ್. ಅಮ್ಮ ಫ್ರಿಜ್ ಬಾಗಿಲು ತೆಗೆದು ಮುಟ್ಟಿ ಮುಟ್ಟಿ ನೋಡಿದರು. ಇಷ್ಟು ವರ್ಷ ಅವರು ಸೆರಗು ಸುತ್ತಿಕೊಂಡು ಅದರ ಹಿಡಿ ಹಿಡಿಯುತ್ತಿದ್ದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಭಾಗಗಳನ್ನು ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿದೆವು, ಕೊನೆಗೆ ಅರ್ಧ ಅಲ್ಲಿ ಅರ್ಧ ಇಲ್ಲಿ ತಗೊಂಡೆವು. ತಮ್ಮನೇ ಜೋಡಿಸಿದ. ಒಂದು ತಿಂಗಳು ಕಾರ್ಡ್ ಇಲ್ಲದೆ ಓಡಿಸಿದ. ಕೋಡಿಂಗ್‌ಗೆ ಏನೂ ಕಡಿಮೆ ಆಗಲಿಲ್ಲ, ವ್ಯಾಲೊರಂಟ್ ಗೇಮ್ ಕೂಡ ಕಡಿಮೆ ಸೆಟ್ಟಿಂಗ್‌ನಲ್ಲಿ ಆಡಿದ.

ಹೋದ ವಾರ ಎಸ್‌ಎಸ್ ಪುರಂನಲ್ಲಿ ಒಬ್ಬರು 3060 ಮಾರುತ್ತಿದ್ದರು. ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ, ಲ್ಯಾಪ್‌ಟಾಪ್ ಸಾಕು ಅಂದರು. ಅವರ ಮನೆಗೇ ಹೋದೆವು. ಪೆನ್‌ಡ್ರೈವ್ ತೆಗೆದಾಗ ಬೇಸರ ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಅವರೇ ಕುರ್ಚಿ ಎಳೆದು ಕೊಟ್ಟು, ಕಾಫಿ ತರಿಸಿದರು. 3584, 192 ಬಿಟ್, 12288, ಎಲ್ಲ ಸರಿ ಇತ್ತು. ಫರ್‌ಮಾರ್ಕ್ ಹದಿನೈದು ನಿಮಿಷ ಓಡಿತು, 74 ಡಿಗ್ರಿಯಲ್ಲಿ ನಿಂತಿತು. ಫ್ಯಾನ್ ಅಲ್ಲಾಡಿಸಿ ನೋಡಿದೆ, ಗಟ್ಟಿ ಇದೆ. ಬಿಲ್, ಡಬ್ಬ, ಇನ್ನೂ 7 ತಿಂಗಳ ವಾರಂಟಿ. 15,500ಕ್ಕೆ ಕೊಟ್ಟರು.

ಈಗ ಒಂದು ತೊಂದರೆ, ಸ್ವಲ್ಪ ಗಾಬರಿಯಾಗಿದೆ. ಕಾರ್ಡ್ ಹಾಕಿ, ಪವರ್ ಕೇಬಲ್ ಕೊಟ್ಟು ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ. ಮಾನಿಟರ್‌ನಲ್ಲಿ "ನೋ ಸಿಗ್ನಲ್". ಕಾರ್ಡ್ ತೆಗೆದರೆ ಮತ್ತೆ ಬರುತ್ತದೆ. ಅಲ್ಲಿ ಓಡುತ್ತಿದ್ದ ಕಾರ್ಡ್ ಇಲ್ಲಿ ಯಾಕೆ ಓಡುತ್ತಿಲ್ಲ?

ಕೋಲಾರ ಸ್ಟುಡಿಯೊ

ಗಾಬರಿ ಬೇಡ. ಮಾನಿಟರ್ ಕೇಬಲ್ ಎಲ್ಲಿ ಹಾಕಿದ್ದೀರಿ? ಒಂದು ತಿಂಗಳಿಂದ ಹಾಕಿದ್ದ ಮದರ್‌ಬೋರ್ಡ್ ಪೋರ್ಟ್‌ನಲ್ಲೇ ಇದೆಯಾ? ಕಾರ್ಡ್ ಕಂಡ ಕೂಡಲೇ ಮದರ್‌ಬೋರ್ಡ್ ಸಾಮಾನ್ಯವಾಗಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಅನ್ನು ಆಫ್ ಮಾಡುತ್ತದೆ. ಕೇಬಲ್ ತೆಗೆದು ಕೆಳಗೆ ಕಾರ್ಡ್‌ನ ಪೋರ್ಟ್‌ಗೆ ಹಾಕಿ.

ಬಟವಾಡಿ ಹುಡುಗ

ಬಂತು ಸರ್! ಬಂತು. ತಮ್ಮ ಕುಣಿದಾಡುತ್ತಿದ್ದಾನೆ.

ಕೋಲಾರ ಸ್ಟುಡಿಯೊ

ಸಂತೋಷ. ಈಗ ಬಯೋಸ್‌ಗೆ ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಅನ್ನುವುದನ್ನು ಆನ್ ಮಾಡಿ ಸೇವ್ ಮಾಡಿ. ಆಗ ಕಾರ್ಡ್ ಇದ್ದರೂ ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್ ಎಚ್ಚರವಾಗಿರುತ್ತದೆ, ಎಡಿಟಿಂಗ್‌ಗೆ ಕ್ವಿಕ್ ಸಿಂಕ್ ಸಿಗುತ್ತದೆ. ಅದಾದ ಮೇಲೆ ಡ್ರೈವರ್ ಎರಡೂ ಹಾಕಿ, ಇಂಟೆಲ್‌ದೂ ಎನ್‌ವಿಡಿಯಾದ್ದೂ.

ಶಿರಾಗೇಟ್ ರಿಪೇರಿ

ಆರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಕಾರ್ಡ್ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಸುಮ್ನೆ ಜೋರಾಗಿ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಬೇಸಿಗೆಯಲ್ಲಿ ಆ ಅರ್ಥ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಲು ಅಮ್ಮನಿಗೆ ಹೇಳಿ.